ಒಂದು ಸಂಖ್ಯೆ, ಮೂರು ವರ್ಷದ ಭಾನುವಾರಗಳು

ಚದುರಂಗದ ಹಲಗೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಇಮ್ಮಡಿಸುತ್ತಾ ಹೋಗುವ ಕಥೆಯನ್ನು ಕೇಳದವರು ಕಡಿಮೆ. 64 ಮನೆ ತುಂಬುವ ಮೊದಲೇ ರಾಜನ ಕಣಜ ಬರಿದಾಗುತ್ತದೆ. ಹಲಗೆಗೆ ಇನ್ನೂ ಮೂರು ಮನೆ ಸೇರಿಸಿದರೆ? ಆಗ ಒಟ್ಟು ಕಾಳುಗಳ ಸಂಖ್ಯೆ 14,75,73,95,25,89,67,64,12,927. ಅಂದರೆ 67 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಕೊನೆಗೆ 1 ಕಳೆದಾಗ ಸಿಗುವ ಸಂಖ್ಯೆ. 21 ಅಂಕಿಗಳ ಈ ಸಂಖ್ಯೆಯ ಗುಟ್ಟು ಪೂರ್ತಿ ಬಯಲಾಗಲು ಎರಡೂವರೆ ಶತಮಾನ ಬೇಕಾಯಿತು.

1644ರಲ್ಲಿ ಫ್ರಾನ್ಸಿನ ಕ್ರೈಸ್ತ ಸನ್ಯಾಸಿ ಮರಿನ್ ಮೆರ್ಸೆನ್ ಒಂದು ಪಟ್ಟಿ ಪ್ರಕಟಿಸಿದರು. ಎರಡನ್ನು ಹೀಗೆ ಎಷ್ಟು ಬಾರಿ ಗುಣಿಸಿ 1 ಕಳೆದರೆ ಅವಿಭಾಜ್ಯ ಸಂಖ್ಯೆ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಭಾಗವಾಗದ ಸಂಖ್ಯೆ ಸಿಗುತ್ತದೆ ಎಂಬ ಪಟ್ಟಿ ಅದು. ಅದರಲ್ಲಿ 67 ಕೂಡ ಇತ್ತು.

1876ರಲ್ಲಿ ಫ್ರಾನ್ಸಿನವರೇ ಆದ ಎದ್ವಾರ್ ಲ್ಯೂಕಾ ಇದು ತಪ್ಪೆಂದು ತೋರಿಸಿದರು. ವಿಚಿತ್ರವೆಂದರೆ, ಸಂಖ್ಯೆ ಒಡೆಯುತ್ತದೆ ಎಂದು ಅವರ ವಿಧಾನ ಹೇಳಿತೇ ಹೊರತು ಯಾವುದರಿಂದ ಒಡೆಯುತ್ತದೆ ಎಂದು ಹೇಳಲಿಲ್ಲ. ಕಳವು ಆಗಿರುವುದು ಖಚಿತ, ಕಳ್ಳ ಮಾತ್ರ ಸಿಕ್ಕಿರಲಿಲ್ಲ.

1903ರ ಅಕ್ಟೋಬರ್‌ನಲ್ಲಿ ಅಮೆರಿಕನ್ ಗಣಿತ ಸಂಘದ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಎಂಬ ಪ್ರಾಧ್ಯಾಪಕರು ಹಲಗೆಯತ್ತ ನಡೆದರು. 67 ಎರಡುಗಳ ಗುಣಲಬ್ಧ ಬರೆದು 1 ಕಳೆದರು. ಪಕ್ಕದಲ್ಲಿ 19,37,07,721 ಮತ್ತು 7,61,83,82,57,287 ಎಂಬ ಎರಡು ಸಂಖ್ಯೆ ಬರೆದು ಕೈಯಲ್ಲೇ ಗುಣಿಸಿದರು. ಎರಡೂ ಉತ್ತರ ಒಂದೇ! ಮಾತಿಲ್ಲದೆ ಬಂದು ಕುಳಿತ ಅವರಿಗೆ ಸಭೆ ಚಪ್ಪಾಳೆ ತಟ್ಟಿತು. ಇದಕ್ಕೆ ಎಷ್ಟು ಕಾಲ ಹಿಡಿಯಿತೆಂದು ಮುಂದೆ ಕೇಳಿದಾಗ, ಮೂರು ವರ್ಷದ ಭಾನುವಾರಗಳು ಎಂದರಂತೆ ಕೋಲ್. ಈ ಪ್ರಸಂಗವನ್ನು ದಾಖಲಿಸಿದವರು ಗಣಿತಜ್ಞ ಎರಿಕ್ ಟೆಂಪಲ್ ಬೆಲ್.

ಕೋಲ್ ಕುರುಡಾಗಿ ಹುಡುಕಬೇಕಿರಲಿಲ್ಲ. ಈ ಸಂಖ್ಯೆಯನ್ನು ಭಾಗಿಸುವ ಯಾವ ಸಂಖ್ಯೆಯನ್ನೇ ಆಗಲಿ 134ರಿಂದ ಭಾಗಿಸಿದರೆ 1 ಉಳಿಯಲೇಬೇಕು. 19,37,07,721ರ ವಿಷಯದಲ್ಲೂ ಅಷ್ಟೆ. ಆದರೂ ಉಳಿಯುವ ಸಂಖ್ಯೆಗಳು ಲಕ್ಷಗಟ್ಟಲೆ. ಕೈಲೆಕ್ಕದ ಕಾಲದಲ್ಲಿ ಅದು ಸಣ್ಣ ಕೆಲಸವಲ್ಲ.

ಗುಣಿಸುವುದು ಸುಲಭ, ಒಡೆಯುವುದು ಕಷ್ಟ. ಈ ವ್ಯತ್ಯಾಸದ ಮೇಲೆಯೇ 1977ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ಗುಪ್ತಲಿಪಿಯ ಹೊಸ ವಿಧಾನ ರೂಪಿಸಿದರು. ಕೋಲ್ ಅವರ ಸಂಖ್ಯೆಯನ್ನು ಇಂದಿನ ಕಂಪ್ಯೂಟರ್ ಕ್ಷಣಾರ್ಧದಲ್ಲಿ ಒಡೆಯುತ್ತದೆ. ಆದ್ದರಿಂದ ಗುಪ್ತಲಿಪಿಗೆ ನೂರಾರು ಅಂಕಿಗಳ ಸಂಖ್ಯೆಗಳು ಬೇಕು.

ಮೆರ್ಸೆನ್ ಪಟ್ಟಿಯಲ್ಲಿದ್ದ ತಪ್ಪುಗಳು ಒಟ್ಟು ಐದು. ಅದರ ಪರಿಶೀಲನೆ ಮುಗಿದದ್ದು 1947ರಲ್ಲಿ. ಆದರೂ ಈ ಬಗೆಯ ಸಂಖ್ಯೆಗಳಿಗೆ ಅವರದೇ ಹೆಸರು ಉಳಿದಿದೆ. ಕೋಲ್ ಅವರ ಮಾತನ್ನಂತೂ ಯಾರೂ ಸುಮ್ಮನೆ ನಂಬಬೇಕಾಗಿಲ್ಲ. ಕಾಗದ, ಪೆನ್ಸಿಲ್ ಮತ್ತು ಒಂದು ಭಾನುವಾರದ ಬೆಳಗ್ಗೆ ಇದ್ದರೆ, ಗುಣಾಕಾರ ಬಲ್ಲ ಶಾಲಾ ಮಕ್ಕಳೂ ಅದನ್ನು ಪರೀಕ್ಷಿಸಬಹುದು.