ಪ್ಯಾನಿಕ್, ಅಟ್ಲಾಸ್, ಅಟ್ರೋಪಿನ್: ಈ ಪದಗಳು ಗ್ರೀಕ್ ಪುರಾಣದಿಂದ ಬಂದವೇ?

ಕುಂಭಕರ್ಣನ ನಿದ್ದೆ, ಭಗೀರಥ ಪ್ರಯತ್ನ, ತ್ರಿಶಂಕು ಸ್ಥಿತಿ ಎಂದು ನಾವು ದಿನವೂ ಹೇಳುತ್ತೇವೆ. ಇಂಗ್ಲಿಷಿನಲ್ಲೂ ಹೀಗೆ ಗ್ರೀಕ್ ಪುರಾಣದ ಹೆಸರುಗಳು ಬೆರೆತುಹೋಗಿವೆ. ಇಂತಹ ಪದಗಳ ಪಟ್ಟಿಗಳು ವಾಟ್ಸ್‌ಆಪ್‌ನಲ್ಲೂ ಓಡಾಡುತ್ತವೆ. ಅವುಗಳಲ್ಲಿ ನಿಜ ಎಷ್ಟು?

ಇವು ನಿಜ

ಪ್ಯಾನಿಕ್: ಪ್ಯಾನ್ ಎಂಬುವನು ಆಡಿನ ಕಾಲು, ಕೊಂಬು ಇರುವ ಕಾಡಿನ ದೇವರು. ನಿರ್ಜನ ಜಾಗದಲ್ಲಿ ಕಾರಣವಿಲ್ಲದೆ ಹುಟ್ಟುವ ದಿಗಿಲಿಗೆ ಅವನೇ ಕಾರಣ ಎಂದು ಗ್ರೀಕರು ನಂಬಿದ್ದರು.

ಅಕಿಲಿಸ್ ಟೆಂಡನ್: ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು. ಅಕಿಲಿಸ್‌ನ ತಾಯಿ ಮಗನನ್ನು ಹಿಮ್ಮಡಿ ಹಿಡಿದು ಸ್ಟಿಕ್ಸ್ ನದಿಯಲ್ಲಿ ಅದ್ದಿದಳಂತೆ. ನೀರು ತಾಗದ ಆ ಜಾಗವೇ ಅವನಿಗೆ ಮುಳುವಾಯಿತು. ನಮ್ಮಲ್ಲಿ ದುರ್ಯೋಧನನ ತೊಡೆಯ ಕಥೆ ಇದ್ದಂತೆ.

ಟ್ಯಾಂಟಲಂ: 1802ರಲ್ಲಿ ಸ್ವೀಡನ್ನಿನ ಎಕೆಬರ್ಗ್ ಕಂಡುಹಿಡಿದ ಲೋಹ. ನೀರಿನಲ್ಲಿ ನಿಂತೂ ಕುಡಿಯಲಾಗದ ಟ್ಯಾಂಟಲಸ್‌ನ ಹೆಸರು ಇದಕ್ಕೆ ಬಂದದ್ದು, ಆಸಿಡ್‌ನಲ್ಲಿ ಮುಳುಗಿಸಿದರೂ ಅದನ್ನು ಹೀರದ ಗುಣದಿಂದ. ಮೊಬೈಲ್ ಫೋನುಗಳ ಪುಟ್ಟ ಕೆಪಾಸಿಟರ್‌ಗಳಲ್ಲಿ ಈ ಲೋಹ ಬಳಕೆಯಾಗುತ್ತದೆ.

ಇವು ಅರ್ಧ ಸತ್ಯ

ಅಟ್ಲಾಸ್: ಪುರಾಣದ ಅಟ್ಲಾಸ್ ಹೊತ್ತಿದ್ದು ಭೂಮಿಯನ್ನಲ್ಲ, ಆಕಾಶವನ್ನು. ನಕ್ಷೆಗಳ ಪುಸ್ತಕಕ್ಕೆ ಈ ಹೆಸರು ಬಂದದ್ದು 1595ರಲ್ಲಿ ಪ್ರಕಟವಾದ ಮರ್ಕೇಟರ್‌ನ ಗ್ರಂಥದಿಂದ. ಆದರೆ ಮರ್ಕೇಟರ್ ಗೌರವಿಸಿದ್ದು ಖಗೋಳ ಬಲ್ಲವನೆಂದು ಹೇಳಲಾಗುವ ಅಟ್ಲಾಸ್ ಎಂಬ ಅರಸನನ್ನು.

ಎಕೋ: ಎಕೋ ಎಂಬ ವನದೇವತೆಯಿಂದ ಪದ ಬಂತು ಎನ್ನುತ್ತಾರೆ. ಗ್ರೀಕ್‌ನಲ್ಲಿ ಆ ಪದಕ್ಕೆ ಪ್ರತಿಧ್ವನಿ ಎಂದೇ ಅರ್ಥ. ಆ ಅರ್ಥಕ್ಕೆ ರೂಪ ಕೊಟ್ಟು ದೇವತೆಯ ಕಥೆ ಹೆಣೆದರು.

ಇವು ತಪ್ಪು

ವಾಲ್ಕೆನೊ, ಸೀರಿಯಲ್: ಇವೂ ಗ್ರೀಕ್ ಪಟ್ಟಿಯಲ್ಲಿ ಸೇರಿಕೊಳ್ಳುತ್ತವೆ. ವಲ್ಕನ್ ಮತ್ತು ಸೆರೆಸ್ ರೋಮನ್ ದೇವತೆಗಳು.

ಅಟ್ರೋಪಿನ್: ತಿಳಿದಿರಲೇಬೇಕಾದ ಪದ

ಗ್ರೀಕರ ವಿಧಿದೇವತೆಯರು ಮೂವರು. ಒಬ್ಬಳು ಆಯುಸ್ಸಿನ ನೂಲು ನೂಲುತ್ತಾಳೆ, ಒಬ್ಬಳು ಅಳೆಯುತ್ತಾಳೆ, ಅಟ್ರೋಪಸ್ ಕತ್ತರಿಸುತ್ತಾಳೆ. 1753ರಲ್ಲಿ ವಿಜ್ಞಾನಿ ಲಿನೆಯಸ್ ಒಂದು ವಿಷಗಿಡವನ್ನು ಅಟ್ರೋಪ ಬೆಲ್ಲಡೋನ ಎಂದು ಕರೆದ. ಅಟ್ರೋಪಿನ್ ಎಂಬ ಹೆಸರು ಆ ಗಿಡದಿಂದ ಬಂತು.

ನೂಲು ಕತ್ತರಿಸುವವಳ ಹೆಸರಿನ ಈ ಔಷಧ ನಮ್ಮ ಆಸ್ಪತ್ರೆಗಳಲ್ಲಿ ಜೀವ ಉಳಿಸುತ್ತದೆ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ದೇಹಕ್ಕೆ ಸೇರಿದರೆ ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಶ್ವಾಸಕೋಶದಲ್ಲಿ ದ್ರವ ತುಂಬುತ್ತದೆ, ಎದೆಬಡಿತ ನಿಧಾನವಾಗುತ್ತದೆ. ಅಟ್ರೋಪಿನ್ ಇದನ್ನು ತಡೆಯುತ್ತದೆ. ಎದೆಬಡಿತ, ಉಸಿರಾಟ ನೋಡುತ್ತಾ ವೈದ್ಯರು ಪ್ರಮಾಣ ಹೊಂದಿಸುತ್ತಾರೆ.

ನಮ್ಮ ಬೇಲಿಯ ದತ್ತೂರಿ ಗಿಡದಲ್ಲೂ ಅಟ್ರೋಪಿನ್ ಮತ್ತು ಅದೇ ಜಾತಿಯ ವಿಷಗಳಿವೆ. ಎಲೆ, ಬೀಜ ಯಾವುದರಲ್ಲಿ ಎಷ್ಟಿದೆ ಎಂದು ಕಣ್ಣಳತೆಯಲ್ಲಿ ತಿಳಿಯುವುದಿಲ್ಲ. ಆದ್ದರಿಂದ ದತ್ತೂರಿ ಮನೆಮದ್ದಲ್ಲ. ಔಷಧಿ ಸಿಂಪಡಿಸುವಾಗ ಯಾರಿಗಾದರೂ ವಿಷ ತಗುಲಿದರೆ ಬಟ್ಟೆ ತೆಗೆಸಿ, ಸೋಪು ಹಾಕಿ ಮೈ ತೊಳೆಸಿ. ವಾಂತಿ ಮಾಡಿಸಬೇಡಿ. ಔಷಧಿಯ ಡಬ್ಬಿ ಸಮೇತ ಬೇಗ ಆಸ್ಪತ್ರೆಗೆ ಕರೆದೊಯ್ಯಿರಿ. 108ಕ್ಕೆ ಕರೆ ಮಾಡಿ.

ಅಮೃತೂರಿಗೂ ಗ್ರೀಕಿಗೂ ಏನು ನಂಟು?

ಕುಣಿಗಲ್ ತಾಲೂಕಿನ ಅಮೃತೂರಿನ ಹೆಸರಲ್ಲಿ ಅಮೃತ ಇದೆ. ಸಂಸ್ಕೃತದಲ್ಲಿ ಅ ಎಂದರೆ ಇಲ್ಲ, ಮೃತ ಎಂದರೆ ಸತ್ತದ್ದು. ಗ್ರೀಕ್ ದೇವತೆಗಳ ಆಹಾರದ ಹೆಸರು ಅಂಬ್ರೋಸಿಯ. ಅದರ ಮೂಲವೂ ಸಾವಿಲ್ಲದ್ದು ಎಂಬ ಅರ್ಥವೇ. ಇದನ್ನು ಹಿಡಿದು ಗ್ರೀಕ್ ಭಾಷೆ ಸಂಸ್ಕೃತದಿಂದ ಹುಟ್ಟಿತು ಎಂದರೆ ತಪ್ಪು. ಎರಡೂ ಒಂದೇ ಹಳೆಯ ಭಾಷೆಯಿಂದ ಕವಲೊಡೆದ ದಾಯಾದಿಗಳು. ಈ ಪದಗಳು ಒಂದರಿಂದ ಇನ್ನೊಂದು ಪಡೆದ ಸಾಲವಲ್ಲ, ಇಬ್ಬರಿಗೂ ಬಂದ ಪಿತ್ರಾರ್ಜಿತ.

ಕೊನೆಯ ಮಾತು

ಪಟ್ಟಿಯಲ್ಲಿ ನಾಲ್ಕು ಪದ ನಿಜವಿದ್ದರೆ ಐದನೆಯದೂ ನಿಜ ಎಂದು ನಂಬಿಬಿಡುತ್ತೇವೆ. ಪದದ ವಿಷಯದಲ್ಲಿ ಇದರಿಂದ ಹೆಚ್ಚು ನಷ್ಟವಿಲ್ಲ. ಔಷಧದ ವಿಷಯದಲ್ಲಿ ಪ್ರಾಣಕ್ಕೇ ಕುತ್ತು. ಈ ಲೇಖನವನ್ನು ಹಂಚುವುದಾದರೆ ತೋಟ, ಗದ್ದೆಯಲ್ಲಿ ಔಷಧಿ ಸಿಂಪಡಿಸುವವರಿಗೆ ಮೊದಲು ಕಳಿಸಿ.