ಎರಡು ಬ್ಯಾಟರಿ ಇದ್ದ ಪೋರ್ಶೆ (ಗಾಡಿ ಚರಿತ್ರೆ – ಭಾಗ 6)

ಒಂದು ಕಾರಿಗೆ ಎರಡು ಬ್ಯಾಟರಿ ಅಂದ ತಕ್ಷಣ ನಿಮ್ಮ ಕಣ್ಮುಂದೆ ಬರೋದು ಡಿಕ್ಕಿ ತುಂಬ ಸ್ಪೀಕರ್ ಇರೋ ಮಾಡಿಫೈಡ್ ಗಾಡಿ, ಅಲ್ವಾ? ಆದ್ರೆ 1969ರ ಮಾಡೆಲ್‌ನಲ್ಲೇ ಜರ್ಮನಿಯ ಒಂದು ಸ್ಪೋರ್ಟ್ಸ್ ಕಾರು ಎರಡು ಬ್ಯಾಟರಿ ಹೊತ್ತುಕೊಂಡೇ ಫ್ಯಾಕ್ಟರಿಯಿಂದ ಹೊರಗೆ ಬಂತು: ಪೋರ್ಶೆ 911. ಮುಖ್ಯ ಕಾರಣ ಕರೆಂಟ್ ಅಲ್ಲ, ತೂಕ!

ಸ್ವಲ್ಪ ಹಿಂದಕ್ಕೆ ಹೋಗೋಣ. 1963ರ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ಈ ಕಾರು ಬಂದಾಗ ಹೆಸರು 901. ಮಧ್ಯೆ ಸೊನ್ನೆ ಇರೋ ಮೂರಂಕಿ ಹೆಸರು ನಮ್ಮದು ಅಂತ ಫ್ರಾನ್ಸಿನ ಪೇಜೋ ಕಂಪನಿ ತಕರಾರು ತೆಗೀತು. ಹಾಗಾಗಿ 911 ಆಯ್ತು. ಹೆಸರಿನ ಸಮಸ್ಯೆ ಸುಲಭವಾಗಿ ಮುಗೀತು, ತೂಕದ್ದು ಮುಗೀಲಿಲ್ಲ.

ಇದರ ಇಂಜಿನ್ ಇರೋದು ಹಿಂದಿನ ಚಕ್ರಗಳಿಗಿಂತಲೂ ಹಿಂದೆ. ಸೈಕಲ್ ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ ಕಟ್ಟಿಕೊಂಡು ತಿರುವಿನಲ್ಲಿ ಹೋಗೋದನ್ನ ಕಲ್ಪಿಸಿಕೊಳ್ಳಿ. ಮುಂದೆ ಹಗುರ, ಹಿಂದೆ ಭಾರ. ವೇಗದ ತಿರುವಿನಲ್ಲಿ ಡ್ರೈವರ್ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಹಿಂದಿನ ಟೈರಿನ ಹಿಡಿತ ಸಡಿಲವಾಗಿ, ಬಾಲ ಬೀಸಿ, ಕಾರು ಗಿರಕಿ ಹೊಡೀತಿತ್ತು. ತಪ್ಪಿಸಿಕೊಳ್ಳೋಕೆ ಮಾಡಿದ ಕೆಲಸವೇ ಅಪಾಯ ತರ್ತಿತ್ತು.

ಮೊದಲ ಮದ್ದು ಏನು ಗೊತ್ತಾ? ಮುಂದಿನ ಬಂಪರ್‌ನ ಎರಡೂ ತುದಿಯೊಳಗೆ ತಲಾ ಸುಮಾರು 11 ಕೆ.ಜಿ. ಕಬ್ಬಿಣ! ನಮ್ಮ ಬಿಕಾಂ ಭಾಷೆಯಲ್ಲಿ ಅಪ್ಪಟ ಡೆಡ್ ಸ್ಟಾಕ್. ಜಾಗ ತಿನ್ನುತ್ತೆ, ಏನೂ ದುಡಿಯಲ್ಲ.

1969ರ ಮಾಡೆಲ್‌ಗೆ ಬುದ್ಧಿವಂತಿಕೆಯ ಉತ್ತರ ಬಂತು. ಇಂಜಿನ್ ಇದ್ದಲ್ಲೇ ಇಟ್ಟು ಹಿಂದಿನ ಚಕ್ರಗಳನ್ನ 57 ಮಿ.ಮೀ. ಹಿಂದಕ್ಕೆ ಸರಿಸಿದ್ರು. ವೀಲ್‌ಬೇಸ್ 2211ರಿಂದ 2268 ಮಿ.ಮೀ. ಆಯ್ತು. ಜೊತೆಗೆ ಒಂದು ಬ್ಯಾಟರಿ ಬದಲು ಎರಡು ಚಿಕ್ಕ ಬ್ಯಾಟರಿ, ಎಡಕ್ಕೊಂದು ಬಲಕ್ಕೊಂದು, ಹೆಡ್‌ಲೈಟ್‌ಗಳ ಹಿಂದೆ. ಹೇಗಿದ್ರೂ ಹೊರಲೇಬೇಕಾದ ಭಾರವನ್ನ ಕೆಲಸಕ್ಕೆ ಬರೋ ಜಾಗಕ್ಕೆ ಇಟ್ರು, ಅಷ್ಟೇ.

ವೈರಿಂಗ್ ಪ್ಯಾರಲಲ್: ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಹೀಗೆ ಕೊಟ್ಟರೆ ವೋಲ್ಟೇಜ್ 12 ಆಗೇ ಇರುತ್ತೆ, ಸಾಮರ್ಥ್ಯ ಮಾತ್ರ ಕೂಡುತ್ತೆ. ತಲಾ 36 ಆಂಪಿಯರ್-ಅವರ್ ಆದ್ರೆ ಒಟ್ಟು 72. ಅದೇ ಸೀರೀಸ್‌ನಲ್ಲಿ ಕೊಟ್ಟಿದ್ರೆ 24 ವೋಲ್ಟ್ ಆಗಿ ಬಲ್ಬುಗಳೆಲ್ಲ ಢಮಾರ್.

ಇದಕ್ಕೂ ಬೆಲೆ ತೆರಬೇಕಾಯ್ತು. ಒಂದು ಬ್ಯಾಟರಿ ಸೊರಗಿದ್ರೆ ಇನ್ನೊಂದನ್ನೂ ಎಳ್ಕೊಂಡು ಹೋಗುತ್ತೆ. ಸೋರಿದ ಆಸಿಡ್ ಆ ಮೂಲೆಗಳ ತಗಡನ್ನ ತಿಂದು ತುಕ್ಕು ಹಿಡಿಸ್ತು. ಹಳೇ 911 ಕೊಳ್ಳೋರು ಇವತ್ತಿಗೂ ಆ ಜಾಗ ಬಗ್ಗಿ ನೋಡ್ತಾರೆ. 1972ರ ಮಾಡೆಲ್‌ನಲ್ಲಿ ಇದೇ ಲೆಕ್ಕಾಚಾರದಲ್ಲಿ ಆಯಿಲ್ ಟ್ಯಾಂಕನ್ನೂ ಹಿಂದಿನ ಚಕ್ರದ ಮುಂದಕ್ಕೆ ತಂದ್ರು. ಅದರ ಮುಚ್ಚಳ ಹೊರಗಡೆ ಇದ್ದದ್ದರಿಂದ ಬಂಕ್‌ನಲ್ಲಿ ಕೆಲವರು ಅದಕ್ಕೇ ಪೆಟ್ರೋಲ್ ಹಾಕಿಬಿಟ್ರು! ಮರುವರ್ಷವೇ ಟ್ಯಾಂಕ್ ಹಳೇ ಜಾಗಕ್ಕೆ ವಾಪಸ್. 1974ರ ಮಾಡೆಲ್‌ಗೆ ಬ್ಯಾಟರಿಯೂ ಮತ್ತೆ ಒಂದೇ ಆಯ್ತು.

ಈಗ ನಿಮ್ಮ ವಿಷಯ. ಎರಡನೇ ಬ್ಯಾಟರಿ ಹಾಕಿಸೋ ಪ್ಲಾನ್ ಇದ್ರೆ, 'ಯಾತಕ್ಕೆ?' ಅನ್ನೋ ಪ್ರಶ್ನೆ ಮೊದಲು ಕೇಳ್ಕೊಳ್ಳಿ. ಪ್ಯಾರಲಲ್ ಕೊಡೋದಾದ್ರೆ ಒಂದೇ ಥರದ, ಒಂದೇ ವಯಸ್ಸಿನ ಜೋಡಿ ಇರಲಿ. ಎರಡರ ಮಧ್ಯದ ಕೇಬಲ್‌ಗೆ ಎರಡೂ ತುದಿಯಲ್ಲಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿಸಿ. ಕೇಬಲ್ ಉಜ್ಜಿ ಬಾಡಿಗೆ ತಾಗಿದ್ರೆ ನೂರಾರು ಆಂಪಿಯರ್ ಒಮ್ಮೆಗೇ ಹರಿದು ಬೆಂಕಿ ಹತ್ತಬಹುದು. ಸಾವಿರಾರು ರೂಪಾಯಿ ಸಿಸ್ಟಮ್‌ನಲ್ಲಿ ಉಳಿಸಬಾರದ ದುಡ್ಡು ಅಂದ್ರೆ ಫ್ಯೂಸಿಂದು.

ನಿಮ್ಮ ಮನೆ ಗಾಡಿಯಲ್ಲಿ ಬ್ಯಾಟರಿ ಎಲ್ಲಿದೆ? ಬಾನೆಟ್ ಕೆಳಗಾ, ಸೀಟ್ ಕೆಳಗಾ, ಡಿಕ್ಕಿಯಲ್ಲಾ? ನೋಡ್ಕೊಂಡು ಬಂದು ಕಾಮೆಂಟ್ ಹಾಕಿ. ಅಲ್ಲೇ ಯಾಕಿಟ್ಟಿದ್ದಾರೆ ಅಂತ ಒಟ್ಟಿಗೆ ಯೋಚಿಸೋಣ.

#ಗಾಡಿಚರಿತ್ರೆ #ಪೋರ್ಶೆ911 #ಕನ್ನಡದಲ್ಲಿಕಾರು