ದತ್ತುಮಗ == ಮಗ?

ಪ್ರೋಗ್ರಾಂನಲ್ಲಿ ಎರಡು ವಸ್ತು ಸಮಾನಾ ಅಂತ ಕೇಳೋಕೆ == ಬರೀತೀವಿ. ಪೈಥಾನ್‌ನಲ್ಲಿ ನೀವೇ ಒಂದು ಕ್ಲಾಸ್ ಮಾಡಿ ಸುಮ್ಮನೆ ಬಿಟ್ಟರೆ, ಎರಡೂ ಕಡೆ ಇರೋದು ಮೆಮೊರಿಯಲ್ಲಿನ ಅದೇ ಒಂದು ಆಬ್ಜೆಕ್ಟ್ ಆಗಿದ್ದರೆ ಮಾತ್ರ ಅದು ‘ಹೌದು’ ಅನ್ನುತ್ತೆ. ಅದು ಸಾಲದು ಅನ್ನಿಸಿದರೆ ನಾವೇ ಒಂದು ಮೆಥಡ್ ಬರೆದು, ಯಾವುದಕ್ಕೆ ಯಾವುದು ಸಮ ಅಂತ ಹೇಳಬಹುದು. ಸಿ ಪ್ಲಸ್ ಪ್ಲಸ್‌ನಲ್ಲೂ ಈ ಸ್ವಾತಂತ್ರ್ಯ ಇದೆ. ಜಾವಾದಲ್ಲಿ == ಮುಟ್ಟೋ ಹಾಗಿಲ್ಲ.

ಬೈಲಹೊಂಗಲ, ಸವದತ್ತಿ ಕಡೆ ಬೆಳೆದ ನನ್ನಂಥವರಿಗೆ ಇದು ಹೊಸ ವಿಷಯವೇನಲ್ಲ. ನಮ್ಮ ಸೀಮೆಯ ದೊಡ್ಡ ಯುದ್ಧ ನಡೆದದ್ದೇ ಈ ಪ್ರಶ್ನೆ ಮೇಲೆ.

1824ರ ಸೆಪ್ಟೆಂಬರ್‌ನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ಮಕ್ಕಳಿರಲಿಲ್ಲ, ಶಿವಲಿಂಗಪ್ಪನನ್ನು ದತ್ತು ತಗೊಂಡಿದ್ದ. ನಮ್ಮಲ್ಲಿ ದತ್ತುಮಗ ಅಂದ್ರೆ ಮಗನೇ: ಕರ್ಮ ಮಾಡೋನು ಅವನು, ಮನೆತನದ ಹೆಸರು ಅವನದು, ಆಸ್ತಿಯೂ ಅವನದು. ಚೆನ್ನಮ್ಮನ ವಿಷಯವನ್ನೇ ನೋಡ್ರಿ. ಶಿವಲಿಂಗರುದ್ರಸರ್ಜ ಆಕೆಯ ಸವತಿಯ ಮಗ. ರಕ್ತದ ಲೆಕ್ಕದಲ್ಲಿ ಅವನೂ ಅಲ್ಲ, ಶಿವಲಿಂಗಪ್ಪನೂ ಅಲ್ಲ. ಆದರೂ ಆ ಹುಡುಗನ ಹಕ್ಕಿಗಾಗಿ ಕತ್ತಿ ಹಿಡಿದಳು.

ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕ ಒಪ್ಪಲಿಲ್ಲ. ಕಂಪನಿಯ ಮೆಥಡ್ ಬೇರೆ ಇತ್ತು: ನಮ್ಮ ಅನುಮತಿ ಇದ್ದರೆ ಮಾತ್ರ ಸಮ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಮರುವರ್ಷ ಸಂಗೊಳ್ಳಿ ರಾಯಣ್ಣ ಎದ್ದು ನಿಂತದ್ದು ಅದೇ ಶಿವಲಿಂಗಪ್ಪನ ಹೆಸರಲ್ಲಿ. 1831ರಲ್ಲಿ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು.

ಪ್ರಶ್ನೆ ಅಲ್ಲಿಗೆ ಮುಗೀಲಿಲ್ಲ. ನರಗುಂದದ ಬಾಬಾಸಾಹೇಬನಿಗೂ ದತ್ತು ತಗೊಳ್ಳೋಕೆ ಒಪ್ಪಿಗೆ ಸಿಗಲಿಲ್ಲ. 1858ರಲ್ಲಿ ಆತ ದಂಗೆ ಎದ್ದ. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗದ ಹತ್ತಿರ ಸುರೇಬಾನದಲ್ಲಿ ಹತನಾದ. ಆಮೇಲೆ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಪೈಥಾನ್‌ನಲ್ಲಿ ಇನ್ನೊಂದು ನಿಯಮ ಇದೆ. ಎರಡೂ ಕಡೆಯವರ ಹತ್ತಿರ ಬೇರೆ ಬೇರೆ ಮೆಥಡ್ ಇದ್ದರೆ, ಸಾಮಾನ್ಯವಾಗಿ ಎಡಗಡೆ ನಿಂತವನದ್ದನ್ನೇ ಮೊದಲು ಕೇಳ್ತಾರೆ. ಕಿತ್ತೂರಲ್ಲಿ ಎಡಗಡೆ ಫಿರಂಗಿ ನಿಂತಿತ್ತು. ಹಾಗಾಗಿ ಯಾರಾದ್ರೂ ‘ಇವೆರಡೂ ಸಮ ಅಲ್ಲ’ ಅಂತ ಫಲಿತಾಂಶ ತೋರಿಸಿದರೆ, ನಾನು ಮೊದಲು ತೆಗೆದು ನೋಡೋದು ಆ ಮೆಥಡ್ ಯಾರು ಬರೆದಿದ್ದು ಅಂತ.